ಸೊನ್ನೆ ನಂಬರಿನ ಡಬ್ಬಿ

ತೀರಿಕೊಂಡವರ ನೆನಪಿಗೆಂದು ಜನ ಏನೇನೋ ಎತ್ತಿಡುತ್ತಾರೆ. ಕನ್ನಡಕ, ಶಾಲು, ಕೈಗಡಿಯಾರ. ನಮ್ಮ ಮೇಡಂ ಅವರದ್ದು ಲ್ಯಾಬಿನ ಫ್ರೀಜರಿನಲ್ಲಿ, ಸಣ್ಣ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಉಳಿದಿದೆ. ಅದು ಏನು ಎಂದು ನಾಲ್ಕು ಜನರೆದುರು ಹೇಳುವ ಹಾಗಿಲ್ಲ. ಹೋದ ತಿಂಗಳು ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನೂ ಹೇಳಲಿಲ್ಲ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಮೈಕಿನ ಮುಂದೆ ಬಂದು ಸರಳ ಜೀವಿ, ನಗುಮುಖ, ಮಾತೃಹೃದಯ ಎಂದು ಹೇಳಿ ಇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ನಗುಮುಖವಂತೆ! ಆ ಹೆಂಗಸು ನಕ್ಕರೆ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಲೆಕ್ಕದಲ್ಲಿ ತಪ್ಪು ಸಿಕ್ಕಾಗ ಮಾತ್ರ ಅವರು ನಗುತ್ತಿದ್ದುದು. ಸಭೆಯಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಡಬ್ಬಿಗಳಲ್ಲಿರುವುದು ಮೇಡಂ ಅವರ ಮಲ.

ಮೂಗು ಮುಚ್ಚಿಕೊಳ್ಳಬೇಡಿ, ನಮ್ಮ ಕಸುಬೇ ಅದು. ಮನುಷ್ಯನ ಕರುಳಿನಲ್ಲಿ ಎಣಿಸಲಾರದಷ್ಟು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿವೆ. ನಾವು ತಿಂದದ್ದನ್ನು ಅವೂ ತಿನ್ನುತ್ತವೆ, ನಮಗೆ ಬೇಕಾದ್ದನ್ನು ಮಾಡಿಕೊಡುತ್ತವೆ, ಕೆಲವೊಮ್ಮೆ ಕಾಡುತ್ತವೆ. ಯಾರ ಹೊಟ್ಟೆಯಲ್ಲಿ ಯಾರಿದ್ದಾರೆ ಎಂದು ತಿಳಿಯಬೇಕಾದರೆ ಮಲದ ಒಂದು ಚೂರು ಸಾಕು. ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಒಡೆದು, ಡಿಎನ್ಎ ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ರಾಶಿ ರಾಶಿ ಅಕ್ಷರಗಳನ್ನು ಕಕ್ಕುತ್ತದೆ. ಆ ರಾಶಿಯನ್ನು ಕಂಪ್ಯೂಟರಿನಲ್ಲಿ ಹಸನು ಮಾಡಿ, ಇದು ಇಂಥದ್ದು, ಇದು ಇಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ನನಗೆ ಅದನ್ನು ಕಲಿಸಿದವರು ಮೇಡಂ.

ಅವರು ಮೊದಲು ಸಂಖ್ಯಾಶಾಸ್ತ್ರದ ಮೇಷ್ಟರಾಗಿದ್ದವರು. ಬೆಳಗಾವಿಯ ಒಂದು ದೊಡ್ಡ ಸಂಸ್ಥೆಯಲ್ಲಿ ಡಾಕ್ಟರುಗಳು ಬರೆದ ಸಂಶೋಧನೆಗೆ ಲೆಕ್ಕ ಹಾಕಿಕೊಡುವುದು ಅವರ ನೌಕರಿ. ವರ್ಷಗಟ್ಟಲೆ ಮಂದಿಯ ಲೆಕ್ಕ ಮಾಡಿದ ಮೇಲೆ ಒಂದು ದಿನ, ಇನ್ನು ನನ್ನದೇ ಪ್ರಶ್ನೆ ಕೇಳುತ್ತೇನೆ ಎಂದು ಹಟ ಹಿಡಿದರು. ತಲೆಕೂದಲು ಆಗಲೇ ಅರ್ಧ ಬೆಳ್ಳಗಾಗಿತ್ತು. ಆ ವಯಸ್ಸಿನಲ್ಲಿ ಕಂಪ್ಯೂಟರ್ ಕೋಡು ಬರೆಯುವುದನ್ನು ಕಲಿತರು, ಹುಡುಗರ ಪಕ್ಕ ಕೂತು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೆರಗು ಸೊಂಟಕ್ಕೆ ಸಿಗಿಸಿ, ಅನಗೋಳದ ಗಲ್ಲಿಯಿಂದ ಸ್ಕೂಟರ್ ಮೇಲೆ ಬರುತ್ತಿದ್ದರು. ಗಲ್ಲಿಯಲ್ಲಿ ಮರಾಠಿ, ಖಾನಾಪುರದ ಹಳ್ಳಿಗಳಲ್ಲಿ ಕನ್ನಡ ಮರಾಠಿ ಎರಡೂ, ನನ್ನ ಅಮ್ಮಿಯ ಜೊತೆ ಮಾತ್ರ ತಾವೇ ಕಂಡುಹಿಡಿದ ಒಂದು ಉರ್ದು. ಅದನ್ನು ಕೇಳಿ ಅಮ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೇಡಂ ಇಟ್ಟ ಹೆಸರು "ಒಳಗಿನ ಮಂದಿ". ಬೆಳಿಗ್ಗೆ ಲ್ಯಾಬಿಗೆ ಕಾಲಿಡುತ್ತಲೇ "ಏ ಶಬಾನಾ, ಒಳಗಿನ ಮಂದಿಗೆ ಏನರ ಹಾಕಿ ಬಂದಿಯಿಲ್ಲ?" ಎನ್ನುತ್ತಿದ್ದರು. ನಾಷ್ಟಾ ಆಯಿತೇ ಎಂದು ಕೇಳುವ ರೀತಿ ಅದು. ಇಲ್ಲ ಎಂದರೆ ಕೆಲಸವಿಲ್ಲ, ಮೊದಲು ಕ್ಯಾಂಟೀನಿಗೆ ಹೋಗಬೇಕು. ಕಂಪ್ಯೂಟರಿನಲ್ಲಿ ಏನಾದರೂ ಚಂದದ ಚಿತ್ರ ಮೂಡಿತೆಂದು ನಾನು ಕುಣಿದರೆ, ಪೆನ್ನಿನ ಟೊಪ್ಪಿಗೆಯಿಂದ ಪರದೆಯನ್ನು ಟಕ್ ಟಕ್ ಎಂದು ಬಡಿಯುವರು. "ಭಾಳ ಚಂದ ಕಾಣಾಕತ್ತೈತಿ. ಅದಕ್ಕಽ ಇನ್ನೊಮ್ಮೆ ನೋಡು." ಎರಡು ಸಲ ನೋಡಿದರೂ ಚಂದವೇ ಇದ್ದರೆ "ಕಂಪ್ಯೂಟರ್ ಎಲ್ಲಾದಕ್ಕೂ ಹೌದು ಅಂತೈತಿ. ಅದಕ್ಕೇನ ನಾಚಿಗಿ ಮಾನ ಐತಿ?" ಎನ್ನುವರು.

ನಾನು ಅವರ ಹತ್ತಿರ ಹೋದದ್ದು ಕಂಪ್ಯೂಟರ್ ಓದಿ ಮುಗಿಸಿ, ಬೇರೆ ಕೆಲಸ ಸಿಗದೆ. ಗುತ್ತಿಗೆಯ ಹುದ್ದೆ. ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಮಾತು.

"ಹೇಸಿಗಿ ಬರ್ತೈತೇನ ನಿನಗ?"

"ಮೇಡಂ, ನಾ ಕಂಪ್ಯೂಟರ್ ಮುಂದ ಕುಂದ್ರಾಕಿ ರೀ. ಡಬ್ಬಿ ಮುಟ್ಟಾಕಿ ಅಲ್ಲ" ಎಂದೆ ಖಡಾಖಡಿ.

"ಮುಟ್ಟಬ್ಯಾಡ. ಎಲ್ಲಿಂದ ಬರ್ತಾವ ಅಂತ ನೋಡಾಕರ ಬಾ" ಎಂದರು. ಮನೆಯಲ್ಲಿ ಅಮ್ಮಿಗೆ ಇನ್ನೊಂದು ಚಿಂತೆ. "ಲೋಗಾಂ ಪೂಛೇ ತೋ ಮೈ ಕ್ಯಾ ಬೋಲೂಂ?" ಎಂದು ಹಣೆ ಹಣೆ ಬಡಿದುಕೊಂಡಳು. ಮಂದಿ ಕೇಳಿದರೆ ಮಗಳು ಏನು ಕೆಲಸ ಮಾಡುತ್ತಾಳೆಂದು ಹೇಳಲಿ? ಹೊಟ್ಟೆಯ ಡಾಕ್ಟರ್ ಆಗುತ್ತಾಳೆ ಎಂದು ಹೇಳಿರೆಂದು ಮೇಡಂ ತಮ್ಮ ಉರ್ದುವಿನಲ್ಲಿ ಉಪಾಯ ಹೇಳಿಕೊಟ್ಟರು. ಅಂದಿನಿಂದ ನಮ್ಮ ಓಣಿಯಲ್ಲಿ ಗ್ಯಾಸ್ ಆದವರೆಲ್ಲ ನಮ್ಮ ಬಾಗಿಲಿಗೆ ಬರತೊಡಗಿದರು.

ಮೊದಲ ಸಲ ಪಾರಿಶ್ವಾಡಕ್ಕೆ ಹೋದಾಗಿನ ಮಾತು. ಹಳ್ಳಿಯ ಜನರ ಹೊಟ್ಟೆಯೊಳಗೂ ಪಟ್ಟಣದ ಜನರ ಹೊಟ್ಟೆಯೊಳಗೂ ಇರುವ ಮಂದಿ ಬೇರೆಯೇ ಎಂಬುದು ಮೇಡಂ ಅವರ ಪ್ರಶ್ನೆ. ಅದಕ್ಕೆ ಖಾನಾಪುರ ತಾಲೂಕಿನ ಪಾರಿಶ್ವಾಡ, ಹಲಸಿ, ಮತ್ತು ಪಟ್ಟಣದ ಕಡೆಯಿಂದ ತಮ್ಮದೇ ಅನಗೋಳವನ್ನು ಆರಿಸಿಕೊಂಡಿದ್ದರು. ಒಂದು ಮನೆಯ ಕಟ್ಟೆಯ ಮೇಲೆ ಹೆಂಗಸರು ಸೇರಿದ್ದರು. ಮೇಡಂ ಎಲ್ಲವನ್ನೂ ವಿವರಿಸಿ, ಕೊನೆಗೆ ಡಬ್ಬಿ ಹೊರಗೆ ತೆಗೆದರು. ನೋಡಬೇಕಿತ್ತು ಆ ನಗು! ಒಬ್ಬಾಕೆ ನಕ್ಕು ನಕ್ಕು ಕಂಬಕ್ಕೆ ಒರಗಿದಳು. "ಅಯ್ಯ ಶಿವನ, ಇದನ್ನೂ ಬೇಡಾಕ ಬರ್ತಾರೇನ!" ಎಂದಳು ಇನ್ನೊಬ್ಬಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆ ಮನೆಯ ಯಜಮಾನತಿ ಗಂಗವ್ವ, ಎಲ್ಲರಿಗಿಂತ ಹಿರಿಯಳು, ಮಾತ್ರ ನಗದೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನೀ ಕೊಟ್ಟೀಯೇನ?"

"ಅಂದ್ರ ಆಯಿ?"

"ನಮ್ಮದು ಒಯ್ತಿ. ನಿಂದು? ದೊಡ್ಡಾಕಿ ಅದೀ, ಕಲತಾಕಿ ಅದೀ. ಮೊದಲ ನೀ ಕೊಡು, ಆಮ್ಯಾಲ ನಾವು."

ಹೆಂಗಸರು ಹೋ ಎಂದರು. ಮೇಡಂ ಸೆರಗು ಬಿಗಿ ಮಾಡಿ "ಬರೋಬರಿ ಐತಿ ಆಯಿ. ಇವತ್ತ ಇಲ್ಲೇ ವಸ್ತಿ ಇರ್ತೀನಿ. ಮುಂಜಾನೆ ಕೊಡ್ತೀನಿ" ಎಂದರು. ಖರೇ ಉಳಿದರು. ಗಂಗವ್ವನ ಮನೆಯಲ್ಲಿ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ ಉಂಡು ಮಲಗಿದೆವು. ಮರುದಿನ ಬೆಳಿಗ್ಗೆ ಮೇಡಂ ಹಿತ್ತಲ ಸಂಡಾಸಿನಿಂದ ಡಬ್ಬಿ ಹಿಡಿದು, ಮುಖದ ಗಾಂಭೀರ್ಯ ಎಳ್ಳಷ್ಟೂ ಕೆಡದಂತೆ ನಡೆದು ಬಂದು, ಎಲ್ಲರ ಎದುರು ಅದರ ಮೇಲೆ ಸೊನ್ನೆ ಎಂದು ಬರೆದು ಐಸಿನ ಪೆಟ್ಟಿಗೆಯಲ್ಲಿಟ್ಟರು. "ಆತು. ಈಗ ಒಂದನೇ ನಂಬರ್ ಯಾರದು?"

"ನಂದಽ" ಎಂದಳು ಗಂಗವ್ವ. ಆಮೇಲೆ ಊರು ಸಾಲುಗಟ್ಟಿತು.

ಅಲ್ಲಿಂದ ಅದು ನಮ್ಮ ಪದ್ಧತಿಯಾಯಿತು. ಎಲ್ಲಿಗೆ ಹೋದರೂ ಮೊದಲ ಡಬ್ಬಿ ಮೇಡಂ ಅವರದು, ಅದರ ನಂಬರು ಸೊನ್ನೆ. ಹಲಸಿಯಲ್ಲೂ ಸೊನ್ನೆ, ಕೆಲವು ತಿಂಗಳ ಬಳಿಕ ಅನಗೋಳದ ಗಲ್ಲಿಯಲ್ಲೂ ಸೊನ್ನೆ. ನಿಯಮದ ಪ್ರಕಾರ ಅವರು ನಮ್ಮ ಅಧ್ಯಯನಕ್ಕೆ ಸೇರಿದವರಲ್ಲ, ಹಾಗಾಗಿ ಅವರ ಡಬ್ಬಿ ಬಿಸಾಕಿದರೂ ನಡೆಯುತ್ತಿತ್ತು. ಮೇಡಂ ಒಪ್ಪಲಿಲ್ಲ. "ಎಲ್ಲಾರದೂ ಒಂದಽ ರೀತಿ ನೋಡ್ತೀವಿ ಅಂತ ಅವರಿಗೆ ಹೇಳೀನಿ. ಚೆಲ್ಲಿದ್ರ ಮೋಸ ಮಾಡಿದಂಗ" ಎಂದರು. ಹಾಗಾಗಿ ಸೊನ್ನೆಯೂ ಉಳಿದವುಗಳ ಜೊತೆಗೇ ಯಂತ್ರಕ್ಕೆ ಹೋಗುತ್ತಿತ್ತು. ಅಕ್ಷರಗಳು ಕಂಪ್ಯೂಟರಿಗೆ ಬಂದ ಮೇಲೆ ಮಾತ್ರ, ಸೊನ್ನೆ ನಂಬರಿನವನ್ನು ತೆಗೆದುಹಾಕು ಎಂಬುದೇ ನನ್ನ ಕೋಡಿನ ಮೊದಲ ಸಾಲು.

ಆಗ ನಮ್ಮ ಗಣಕ ವಿಭಾಗ ಎಂದರೆ ಒಂದೇ ಕೋಣೆ, ಮೇಡಂ ಮತ್ತು ನಾನು. ಮೇಡಂ ಅವರ ನಿವೃತ್ತಿ ಹತ್ತಿರವಾಗಿತ್ತು, ನನ್ನ ಗುತ್ತಿಗೆಯೂ ಅದೇ ಹೊತ್ತಿಗೆ ಮುಗಿಯುವುದಿತ್ತು. ಡೀನ್ ಸಾಹೇಬರು ಮಾತು ಕೊಟ್ಟಿದ್ದರು. ಒಳ್ಳೆಯ ಪತ್ರಿಕೆಯಲ್ಲಿ ಪೇಪರ್ ಬಂದರೆ ಕೋಣೆ ಉಳಿಯುತ್ತದೆ, ನನಗೆ ಅದರಲ್ಲಿ ಕಾಯಂ ನೌಕರಿ. ಬಾರದಿದ್ದರೆ ಮೇಡಂ ಹೋದ ದಿನವೇ ಕೋಣೆಗೆ ಬೀಗ. ಇಂಥ ಕೆಲಸ ನಮ್ಮ ಜಿಲ್ಲೆಯಲ್ಲಿ ಬೇರೆ ಎಲ್ಲಿದೆ? ಆ ಕೋಣೆ ಮುಚ್ಚಿದರೆ ನಾನು ಈ ವಿದ್ಯೆಯನ್ನೇ ಬಿಡಬೇಕಿತ್ತು.

ಪೇಪರಿಗೆ ತಕ್ಕ ಸಂಗತಿಯೂ ಸಿಕ್ಕಿತು. ಎಂಥ ಸಂಗತಿ ಅಂತೀರಿ! ಪಾರಿಶ್ವಾಡ ಮತ್ತು ಹಲಸಿಯ ಜನರ ಹೊಟ್ಟೆಯಲ್ಲಿ ಗಟ್ಟಿ ಕವಚದ ಒಂದು ಜಾತಿಯ ಬ್ಯಾಕ್ಟೀರಿಯಾ ಯಥೇಚ್ಛವಾಗಿದ್ದವು. ಅನಗೋಳದವರಲ್ಲಿ ಹುಡುಕಿದರೂ ಇಲ್ಲ. ಪರದೆಯ ಮೇಲೆ ಹಳ್ಳಿಯವರ ಚುಕ್ಕೆಗಳೆಲ್ಲ ಒಂದು ಮೂಲೆ, ಪಟ್ಟಣದವರದ್ದು ಇನ್ನೊಂದು ಮೂಲೆ, ನಡುವೆ ಬಟ್ಟ ಬಯಲು. ಮೇಡಂ ಟೊಪ್ಪಿಗೆಯಿಂದ ಪರದೆ ಬಡಿದು ಇನ್ನೊಮ್ಮೆ ನೋಡು ಎಂದರು, ನೋಡಿದೆ. ಮತ್ತೊಮ್ಮೆ ಎಂದರು, ನೋಡಿದೆ. ಅದೇ ಬಂತು. ಬೇರೆ ಊರಿನ ಪತ್ರಿಕೆಯವರೂ ಪರಿಶೀಲಿಸಿ ಒಪ್ಪಿದರು. ಡೀನ್ ಸಾಹೇಬರು ಪೇಢೆ ಹಂಚಿದರು. ಮೇಡಂ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪಾರಿಶ್ವಾಡಕ್ಕೆ ಹೋಗಿ, ಕಟ್ಟೆಯ ಮೇಲೆ ಕೂತು ಹೇಳಿದರು. "ನಿಮ್ಮ ಹೊಟ್ಯಾಗ ಇದ್ದವ್ರು ನಮ್ಮ ಶಹರದವರ ಹೊಟ್ಯಾಗ ಇಲ್ರೆವಾ." ಗಂಗವ್ವ ಆ ಸುದ್ದಿಯನ್ನು ಬೆಳಗಾವಿಯಲ್ಲಿರುವ ತನ್ನ ಬೀಗರಿಗೂ ಮುಟ್ಟಿಸಿ ಬೀಗಿದಳಂತೆ.

ಇನ್ನು ಆದದ್ದು ಕೇಳಿ. ಪೇಪರ್ ಅಚ್ಚಾಗುವುದು ಬಾಕಿಯಿತ್ತು. ಮಧ್ಯಾಹ್ನ ಊಟದ ಹೊತ್ತು. ಮೇಡಂ ಬುತ್ತಿ ಬಿಚ್ಚಿ, ರೊಟ್ಟಿ ಮುರಿಯುತ್ತ ಎಂದರು, "ರಿಟೈರ್ ಆಗೂ ದಿನ ಭಾಷಣ ಮಾಡಬೇಕಂತ. ನನ್ನ ಹೊಟ್ಟಿ ಚಿತ್ರ ಒಂದ ತಗದ ಕೊಡು, ಎಲ್ಲಾರಿಗೂ ತೋರಸ್ತೀನಿ. ನಗಲಿ." ನಾನೂ ಖುಷಿಯಿಂದ ಕೋಡಿನ ಮೊದಲ ಸಾಲನ್ನು ಅಳಿಸಿ ಓಡಿಸಿದೆ. ಮೂರು ಹೊಸ ಚುಕ್ಕೆಗಳು ಮೂಡಿದವು. ಪಾರಿಶ್ವಾಡದ ಸೊನ್ನೆ ಹಳ್ಳಿಯವರ ಮೂಲೆಯಲ್ಲಿ, ಹಲಸಿಯ ಸೊನ್ನೆಯೂ ಅಲ್ಲೇ. ಅನಗೋಳದ ಸೊನ್ನೆ ಪಟ್ಟಣದವರ ಮೂಲೆಯಲ್ಲಿ.

ನಾನು ನಕ್ಕೆ. "ಮೇಡಂ, ನೀವು ಭಾರಿ ಅದೀರಿ ಬಿಡ್ರಿ. ಹಳ್ಳಿಗೆ ಹೋದ್ರ ಹಳ್ಳ್ಯಾಕಿ ಆಗ್ತೀರಿ, ಮನಿಗೆ ಬಂದ್ರ ಪ್ಯಾಟ್ಯಾಕಿ!"

ಮೇಡಂ ಅಗಿಯುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಬಂದು ಪರದೆಯ ಹತ್ತಿರ ಮುಖ ಇಟ್ಟು ನೋಡಿದರು. ಆಮೇಲೆ ನಕ್ಕರು. ತಪ್ಪು ಸಿಕ್ಕಾಗಿನ ಅದೇ ನಗು.

"ಒಂದಽ ಹೊಟ್ಟಿ ಐತಿ ತಂಗೀ ನಂದು" ಎಂದರು ಮೆಲ್ಲಗೆ. "ಪಾರಿಶ್ವಾಡಕ್ಕ ಒಂದ ವಸ್ತಿ ಹೋದ್ರ ಒಳಗಿನ ಮಂದಿ ಎಲ್ಲಾ ಬದಲಾಗಿ, ಮನಿಗೆ ಬರೂದ್ರಾಗ ಹೊಳ್ಳಿ ಬರ್ತಾರೇನ? ಬದಲಾಗಿದ್ದು ನಾ ಅಲ್ಲ. ನಾವು ಏನೋ ಬದಲ ಮಾಡೀವಿ. ಏನು, ಹುಡುಕು."

ಹುಡುಕುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಡಿಎನ್ಎ ತೆಗೆಯುವ ಔಷಧಿಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಕಿಟ್ ಎನ್ನುತ್ತೇವೆ. ಹಳ್ಳಿಗಳ ಡಬ್ಬಿಗಳಿಗೆ ಬಳಸಿದ ಕಿಟ್ಟು ಮುಗಿದುಹೋಗಿ, ಅನಗೋಳದ ಡಬ್ಬಿಗಳ ಹೊತ್ತಿಗೆ ಬೇರೆ ಕಂಪನಿಯದು ಬಂದಿತ್ತು. ಎರಡೂ ಒಂದೇ ಎಂದಿದ್ದ ಸರಬರಾಜಿನವನು. ಒಂದೇ ಎಂದು ನಾವೆಲ್ಲ ಒಪ್ಪಿದ್ದೆವು. ಮೊದಲಿನದರಲ್ಲಿ ಸಣ್ಣ ಗಾಜಿನ ಮಣಿಗಳಿದ್ದವು, ಮಲವನ್ನು ಅವುಗಳ ಜೊತೆ ಜೋರಾಗಿ ಕುಲುಕಿದರೆ ಎಂಥ ಗಟ್ಟಿ ಕವಚವೂ ಒಡೆಯುತ್ತದೆ. ಎರಡನೆಯದರಲ್ಲಿ ಮಣಿ ಇರಲಿಲ್ಲ. ಕವಚ ಒಡೆಯದಿದ್ದರೆ ಒಳಗಿನ ಡಿಎನ್ಎ ಹೊರಗೆ ಬರುವುದಿಲ್ಲ, ಕಂಪ್ಯೂಟರಿನ ಪಾಲಿಗೆ ಆ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ. "ಶೇಂಗಾ ಒಡೀಲಾರದಽ ಒಳಗ ಕಾಳ ಇಲ್ಲ ಅಂದೀವಿ" ಎಂದರು ಮೇಡಂ. ಹಳ್ಳಿಗೂ ಪಟ್ಟಣಕ್ಕೂ ನಡುವೆ ನಾವು ಕಂಡ ಬಟ್ಟ ಬಯಲು ಎರಡು ಪೆಟ್ಟಿಗೆಗಳ ನಡುವಿನ ಬಯಲು.

ಮರುದಿನ ಇಬ್ಬರೂ ಡೀನ್ ಸಾಹೇಬರ ಎದುರು ಕೂತಿದ್ದೆವು. ಪೇಪರ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು ಮೇಡಂ.

"ಏನ್ರಿ ಮೇಡಮ್ಮಾರ, ಹುಚ್ಚ ಹಿಡದೈತೇನ ನಿಮಗ? ಅಷ್ಟ ದೊಡ್ಡ ಮಂದಿ ನೋಡಿ ಒಪ್ಯಾರ. ಅವರಿಗೇ ಗೊತ್ತಾಗಿಲ್ಲ."

"ನನಗ ಗೊತ್ತಾಗೈತೆಲ್ರಿ ಸರ್."

"ಕೋಣಿ ಹೋಗ್ತೈತಿ ನೋಡ್ರಿ. ಈ ಹುಡುಗಿ ನೌಕರಿನೂ ಹೋಗ್ತೈತಿ. ನಾ ಮಾತ ಕೊಟ್ಟಿದ್ದು ಪೇಪರ್ ಮ್ಯಾಲ."

ಮೇಡಂ ನನ್ನ ಕಡೆ ನೋಡಲಿಲ್ಲ. "ಹೋಗಲಿ" ಎಂದರು.

ಹೋಗಲಿ! ಮೆಟ್ಟಿಲು ಇಳಿಯುವಾಗ ನನ್ನ ಸಹನೆಯ ಕಟ್ಟೆ ಒಡೆಯಿತು. ಜನ ಓಡಾಡುತ್ತಿದ್ದರು, ಕೇಳಿದರೆ ಕೇಳಲಿ ಎಂದು ಕಿರುಚಿದೆ. "ನಿಮಗೇನ್ರಿ ಮೇಡಂ, ಪೆನ್ಶನ್ ಬರ್ತೈತಿ, ಮನ್ಯಾಗ ಕುಂದರ್ತೀರಿ. ನನ್ನ ಕೇಳಿದ್ರೇನ? ಒಂದ ಮಾತ ಕೇಳಿದ್ರೇನ? ಹೋಗಲಿ ಅಂದ್ರಿ. ಯಾರದು ಹೋಗೂದು?"

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದರು.

"ಸಿಟ್ಟ ಮಾಡು. ಮಾಡಬೇಕಾದ್ದಽ. ಕೇಳಬೇಕಾಗಿತ್ತು, ಕೇಳಲಿಲ್ಲ. ಯಾಕಂದ್ರ ನೀ ಬ್ಯಾಡ ಅಂದಿದ್ರ ನನಗ ಕಠಿಣ ಆಗ್ತಿತ್ತು. ಈಗ ಒಂದ ಹೇಳು. ಆ ಪೇಪರ್ ಮ್ಯಾಲ ನೌಕರಿ ಸಿಕ್ತು ಅಂತ ತಿಳಿ. ಮುಂದಿನ ಪೇಪರ್ ಅದರ ಮ್ಯಾಲ ಕಟ್ತಿ. ಅದರ ಮುಂದಿಂದೂ ಅದರ ಮ್ಯಾಲ. ಯಾರರ ಮಣಿ ಹಾಕಿ ಕುಲಕಿದ ದಿನಾ ಎಲ್ಲಾ ಬೀಳ್ತೈತಿ. ಅಲ್ಲೀ ತನಕ ಹೆದರಕೋಂತ ಇರ್ತೀಯೇನ ನೀ?"

ನನಗೆ ಅಳು ಬಂತು. "ಏಳು, ಒಳಗಿನ ಮಂದಿಗೆ ಏನರ ಹಾಕಿ ಆಮ್ಯಾಲ ಅಳೂವಂತಿ" ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ನಾನು ಎರಡು ಪ್ಲೇಟು ಮಿರ್ಚಿ ತಿಂದೆ, ಸಿಟ್ಟಿಗೆ.

ಪೇಪರ್ ಹಿಂದಕ್ಕೆ ಬಂತು. ಅದಾದ ವಾರ ಮೇಡಂ "ನಡಿ, ಪಾರಿಶ್ವಾಡಕ್ಕ ಹೋಗಬೇಕು" ಎಂದರು. ನನಗೆ ಹೋಗುವ ಮನಸ್ಸಿರಲಿಲ್ಲ. ಫೋನಿನಲ್ಲಿ ಹೇಳಿದರಾಗದೇ ಎಂದೆ. "ಕಟ್ಟಿ ಮ್ಯಾಲ ಕುಂತ ಹೇಳೀವಿ. ಕಟ್ಟಿ ಮ್ಯಾಲಽ ಕುಂತ ತಪ್ಪಾತು ಅನ್ನಬೇಕು" ಎಂದರು. ಅದೇ ಕಟ್ಟೆ, ಅದೇ ಹೆಂಗಸರು. ಪೆಟ್ಟಿಗೆ, ಮಣಿ, ಶೇಂಗಾ ಎಲ್ಲವನ್ನೂ ಬಿಡಿಸಿ ಹೇಳಿ, ನಿಮ್ಮಲ್ಲಿರುವವರು ಶಹರದವರಲ್ಲೂ ಇದ್ದಾರು, ನಮಗೆ ಕಂಡಿಲ್ಲ ಅಷ್ಟೇ ಎಂದರು. ಯಾರೂ ನಗಲಿಲ್ಲ ಈ ಸಲ.

"ನಾವು ಊರ ತುಂಬ ಹೇಳಿಬಿಟ್ಟೀವೆಲ್ರಿ" ಎಂದಳು ಒಬ್ಬಾಕೆ, ಮುಖ ಸಣ್ಣದು ಮಾಡಿಕೊಂಡು.

ಗಂಗವ್ವ ಮೇಡಂ ಅವರನ್ನೇ ನೋಡುತ್ತಿದ್ದಳು. "ಸುಳ್ಳ ಹೇಳಿದೀ?"

"ಸುಳ್ಳಲ್ಲ ಆಯಿ. ತಪ್ಪ ಹೇಳಿದೆ."

"ಬೀಗರ ಮುಂದ ನನ್ನ ಮಾನ ಕಳದಿ."

"ಹೌದು. ಕಳದೆ."

"ಮತ್ತ ಈಗ?"

"ಈಗ ಮತ್ತ ಮೊದಲಿಂದ. ಎಲ್ಲಾ ಊರಿಂದೂ ಒಂದಽ ಪೆಟಗ್ಯಾಗ."

ಗಂಗವ್ವ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದಳು. ಹಳೆಯ ಡಬ್ಬಿಗಳಲ್ಲಿ ಉಳಿದದ್ದು ಹೊಸ ಕೆಲಸಕ್ಕೆ ಸಾಲುತ್ತಿರಲಿಲ್ಲ. ಈ ಹೆಂಗಸು ಒಲ್ಲೆ ಎಂದರೆ ಊರೇ ಒಲ್ಲೆ ಎನ್ನುವುದು ಖಾತ್ರಿ, ಅಲ್ಲಿಗೆ ನಮ್ಮ ಕೆಲಸ ಮುಗಿದ ಹಾಗೆಯೇ.

"ಡಬ್ಬಿ ತಂದೀಯೇನ?" ಎಂದಳು.

"ತಂದೀನಿ."

"ಮೊದಲ ನೀ ಕೊಡಬೇಕು ಮತ್ತ."

ಮೇಡಂ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅವತ್ತು ಒಂದೇ ಸಲ ಕಂಡದ್ದು. ಅದನ್ನು ಒರೆಸಿಕೊಳ್ಳುತ್ತ "ರೊಟ್ಟಿ ಹಾಕ್ತೀ ಹೌದಲ್ಲ?" ಎಂದರು.

ಡೀನ್ ಸಾಹೇಬರು ಹೇಳಿದ್ದನ್ನು ಮಾಡಿದರು. ಮೇಡಂ ನಿವೃತ್ತರಾದ ದಿನ ಹಾರ ಹಾಕಿ, ಕೋಣೆಗೆ ಬೀಗ ಹಾಕಿಸಿದರು. ಭಾಷಣದಲ್ಲಿ ಮೇಡಂ ತಮ್ಮ ಹೊಟ್ಟೆಯ ಚಿತ್ರ ತೋರಿಸಿಯೇ ತೋರಿಸಿದರು, ಮೂರೂ ಚುಕ್ಕೆಗಳ ಸಮೇತ, ನಮ್ಮ ತಪ್ಪು ಇದು ಎಂದು. ಸಭೆ ಸಪ್ಪಗಾಯಿತು. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಗೇಟಿನ ಎದುರು ಅವರ ಸ್ಕೂಟರ್ ನಿಂತಿತ್ತು. ಈಗ ಅವರು ಹೊರಗಿನವರಾದ್ದರಿಂದ ವಾಚ್‌ಮನ್ ಪುಸ್ತಕ ಮುಂದೆ ಹಿಡಿದ. ಬಂದ ಕಾರಣ ಎಂಬಲ್ಲಿ ಮೇಡಂ "ಕೆಲಸ" ಎಂದು ಬರೆದು ಒಳಗೆ ನಡೆದರು. ಅಂದಿನಿಂದ ದಿನವೂ ಹಾಗೆಯೇ. ಗ್ರಂಥಾಲಯದ ಮೂಲೆಯಲ್ಲಿ ಹಳೆಯ ಮೇಜೊಂದು ಸಿಕ್ಕಿತು. ಫ್ರೀಜರಿಗೆ ಪಕ್ಕದ ವಿಭಾಗದವರು ಜಾಗ ಕೊಟ್ಟರು. ಗುತ್ತಿಗೆ ಮುಗಿದ ನಾನು ಬೆಳಿಗ್ಗೆ ಟ್ಯೂಶನ್ ಹೇಳಿ, ಮಧ್ಯಾಹ್ನ ಬಂದು ಅವರ ಪಕ್ಕ ಕೂರುತ್ತಿದ್ದೆ. ಬಿಟ್ಟುಬಿಡಬಹುದಿತ್ತು. ಅಮ್ಮಿ ಬಿಡು ಎಂದಳು, ಗೆಳತಿಯರು ಬಿಡು ಎಂದರು. ಯಾಕೆ ಬಿಡಲಿಲ್ಲ ಎಂದರೆ, ಬಿಡುವುದಕ್ಕೆ ನಾಚಿಕೆಯಾಗುತ್ತಿತ್ತು, ಅಷ್ಟೆ. ಪೆನ್ಶನ್ ತಗೊಂಡು ಮನೆಯಲ್ಲಿ ಕೂರುತ್ತೀರಿ ಎಂದು ನಾನು ಯಾರಿಗೆ ಕಿರುಚಿದ್ದೆನೋ ಅವರು ನನಗಿಂತ ಮೊದಲು ಬಂದು ಕೂತಿರುತ್ತಿದ್ದರು.

ಈ ಸಲ ಕೋಡಿನ ಮೊದಲ ಸಾಲನ್ನು ತೆಗೆದುಹಾಕಿದೆವು. ಪ್ರತಿ ಊರಿನ ಡಬ್ಬಿಗಳ ಜೊತೆ ಸೊನ್ನೆಯೂ ಓಡುತ್ತಿತ್ತು, ಮೂರೂ ಸೊನ್ನೆಗಳು ಒಂದರ ಮಗ್ಗುಲಿಗೆ ಒಂದು ಬಂದು ಕೂತ ಮೇಲೆಯೇ ಉಳಿದವರ ಕಡೆ ನೋಡುವುದು. ಕೂತವು. ಬಟ್ಟ ಬಯಲು ಮಾಯವಾಯಿತು. ಹಳ್ಳಿ ಪಟ್ಟಣ ಎಲ್ಲ ಚುಕ್ಕೆಗಳೂ ಕಲೆತುಹೋದವು. ಉಳಿದದ್ದು ಊಟದ ರೀತಿಗೆ ತಕ್ಕಂತೆ ಬದಲಾಗುವ ಒಂದು ಸಣ್ಣ ವ್ಯತ್ಯಾಸ. ಪೇಢೆ ಹಂಚುವಂಥದ್ದಲ್ಲ. ಮೇಡಂ ಟೊಪ್ಪಿಗೆಯಿಂದ ಬಡಿದು ಬಡಿದು ನೋಡಿದರು, ಅದು ಅಲ್ಲಾಡಲಿಲ್ಲ. "ಸಣ್ಣದೈತಿ. ಆದ್ರ ಗಟ್ಟಿ ಐತಿ" ಎಂದರು. ಅದೇ ಪೇಪರಾಯಿತು, ನಡುವೆ ನೋಂದಾಯಿಸಿಕೊಂಡಿದ್ದ ನನ್ನ ಪಿಎಚ್‌ಡಿಯೂ ಅದರ ಮೇಲೆಯೇ ಆಯಿತು. ತಮಾಷೆ ನೋಡಿ, ನಮ್ಮ ವ್ಯತ್ಯಾಸಕ್ಕಿಂತ ಹೆಚ್ಚು ಜನ ಕಾಗದ ಬರೆದು ಕೇಳಿದ್ದು ಸೊನ್ನೆಯ ಬಗ್ಗೆ. ಒಬ್ಬರದೇ ಡಬ್ಬಿಯನ್ನು ಎಲ್ಲ ಕಡೆ ಸೇರಿಸುವ ಈ ವಿಚಾರ ಹೇಗೆ ಹೊಳೆಯಿತು ಎಂದು. ಹೊಳೆಯಲಿಲ್ಲ, ಪಾರಿಶ್ವಾಡದಲ್ಲಿ ಒಬ್ಬ ಮುದುಕಿ ಹಟ ಹಿಡಿದಳು ಎಂದು ಬರೆಯಲು ಮೇಡಂ ನನಗೆ ಅಪ್ಪಣೆ ಮಾಡಿದರು, ಬರೆದೆ.

ಹೊಸ ಡೀನ್ ಬಂದ ಮೇಲೆ ಕೋಣೆಯ ಬೀಗ ತೆರೆಯಿತು. ಹುದ್ದೆಗೆ ಸಂದರ್ಶನ ಕರೆದರು. ವಾಪಸ್ ಪಡೆದ ಪೇಪರನ್ನು ನಾನು ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದೆ. ಇದನ್ನು ಯಾಕೆ ಹಾಕಿದ್ದೀರಿ ಎಂದು ಕೇಳಿದರು. ಇದರ ತಪ್ಪನ್ನು ನಾವೇ ಹಿಡಿದೆವು ಸರ್, ಅದಕ್ಕೆ ಎಂದೆ. ಹೊರಗೆ ಬೆಂಚಿನ ಮೇಲೆ ಮೇಡಂ ಕೂತಿದ್ದರು, ವಾಚ್‌ಮನ್ನನ ಪುಸ್ತಕದಲ್ಲಿ ಸಹಿ ಮಾಡಿ. ನೌಕರಿ ಸಿಕ್ಕಿತು.

ಕಡೆಯ ಕಾಯಿಲೆಯಲ್ಲಿ ಅವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಸಲೈನ್ ಬಾಟಲಿಯನ್ನು ಕಣ್ಣಲ್ಲೇ ತೋರಿಸಿ ಬೈದರು. "ಆ್ಯಂಟಿಬಯೋಟಿಕ್ ಹಾಕಿ ಹಾಕಿ ಒಳಗಿನ ಮಂದಿನ್ನೆಲ್ಲಾ ಊರ ಬಿಡಿಸ್ಯಾರ ನೋಡು. ಈಗಿನ ಡಬ್ಬಿ ತಗೋಬ್ಯಾಡ, ಲೆಕ್ಕಕ್ಕ ಬರೂದಿಲ್ಲ." ಆಗಲಿ ರೀ ಮೇಡಂ ಎಂದೆ. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಲಿಂಗಾಯತರಲ್ಲೂ ಮಣ್ಣೇ, ನಮ್ಮಲ್ಲೂ ಮಣ್ಣೇ. ಆದರೆ ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ, ಅಬ್ಬಾ ತೀರಿಕೊಂಡಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಇಲ್ಲಿ ಮೇಡಂ ಅವರ ಸೊಸೆ ನನ್ನ ಕೈ ಹಿಡಿದು ಮುಂದೆ ಕರೆದು "ಹಾಕ್ರಿ" ಎಂದಳು. ಹಿಡಿ ಮಣ್ಣು ಹಾಕಿದೆ. ತುಂಬ ಅತ್ತೆ.

ಮೊನ್ನೆ ಪಾರಿಶ್ವಾಡಕ್ಕೆ ಹೋದೆ. ವರ್ಷಗಳ ಬಳಿಕ ಅದೇ ಜನರ ಹೊಟ್ಟೆಯಲ್ಲಿ ಏನು ಬದಲಾಗಿದೆ ಎಂದು ನೋಡುವ ಕೆಲಸ, ಮೇಡಂ ಶುರು ಮಾಡಿಟ್ಟುಹೋದದ್ದು. ಗಂಗವ್ವನಿಗೆ ಈಗ ಕಣ್ಣು ಮಂಜು, ಕಟ್ಟೆ ಬಿಟ್ಟು ಇಳಿಯುವುದಿಲ್ಲ. ಸುದ್ದಿ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಕೈ ಚಾಚಿ ನನ್ನ ಚೀಲವನ್ನು ತಡವಿದಳು.

"ಡಬ್ಬಿ ತಂದೀಯೇನ?"

"ತಂದೀನಿ ಆಯಿ."

"ಅಕಿದು ಯಾರ ಕೊಡವ್ರು ಈಗ?"

ಫ್ರೀಜರಿನಲ್ಲಿ ಮೇಡಂ ಅವರ ಹಳೆಯ ಡಬ್ಬಿಗಳಿವೆ, ಅವನ್ನೇ ಇದರ ಜೊತೆ ಓಡಿಸುತ್ತೇನೆ, ಲೆಕ್ಕ ತಪ್ಪುವುದಿಲ್ಲ ಎಂದು ಹೇಳಬಹುದಿತ್ತು. ಓಡಿಸುವುದೂ ಖರೇ. ಆದರೆ ಮುದುಕಿ ಕೇಳಿದ್ದು ಲೆಕ್ಕವನ್ನಲ್ಲ. ಡಬ್ಬಿ ಮುಟ್ಟಾಕಿ ಅಲ್ಲ ಎಂದು ಖಡಾಖಡಿ ಹೇಳಿದವಳು ನಾನು, ಇಷ್ಟು ವರ್ಷ ಆ ಮಾತು ಉಳಿಸಿಕೊಂಡವಳು. ಮೇಡಂ ಒಂದು ದಿನವೂ ನನ್ನನ್ನು ಕೇಳಿರಲಿಲ್ಲ.

"ನಾ ಕೊಡ್ತೀನಿ" ಎಂದೆ. "ಇವತ್ತ ಇಲ್ಲೇ ವಸ್ತಿ ಇರ್ತೀನಿ."

"ಮುಂಜಾನೆ ನೋಡೂಣು" ಎಂದಳು ಗಂಗವ್ವ, ನನ್ನ ಮೇಲೆ ಅಷ್ಟೇನೂ ನಂಬಿಕೆ ಇಲ್ಲದೆ. ರಾತ್ರಿ ರೊಟ್ಟಿ, ಮಡಿಕೆಕಾಳಿನ ಪಲ್ಯ.

ಬೆಳಿಗ್ಗೆ ಹಿತ್ತಲಿನಿಂದ ಕಟ್ಟೆಯವರೆಗೆ ಡಬ್ಬಿ ಹಿಡಿದು ನಡೆಯುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಿತ್ತು. ಹೆಂಗಸರು ಸಾಲಾಗಿ ಕೂತು ನೋಡುತ್ತಿದ್ದರು. ಮುಖ ಕೆಂಪಾಗಿರಬೇಕು. ಮೇಡಂ ಹೇಗೆ ನಡೆದಿದ್ದರೆಂದು ನೆನೆಸಿಕೊಂಡು ಹಾಗೆಯೇ ನಡೆಯಲು ನೋಡಿದೆ. ಕಟ್ಟೆಗೆ ಬಂದು ಪೆನ್ನು ತೆಗೆದೆ. ಸೊನ್ನೆ ಮೇಡಂ ಅವರದು, ಅದನ್ನು ಬರೆಯಲು ನನ್ನ ಕೈ ಏಳಲಿಲ್ಲ.

"ಆಯಿ, ನಂದು ಒಂದು ಅಂತ ಬರೀಲೇನ?"

ಗಂಗವ್ವ ಸೆಟೆದು ಕೂತಳು. "ಒಂದು ನಂದೈತಿ. ಮೊದಲಿಂದ ನಂದು, ಅದನ್ನ ಯಾರಿಗೂ ಕೊಡಂಗಿಲ್ಲ. ಅಕಿ ಜಾಗಾ ಖಾಲಿ ಐತೆಲ್ಲ? ಬರಿ ಅದನ್ನಽ."

ಸೊನ್ನೆ ಬರೆದೆ.